ಸೂಪರ್‌ಚಾರ್ಜರ್ ಜೋಡಣೆ: ಸಿದ್ಧತೆಯನ್ನು ಬದಿಗೊತ್ತುವ ವಾದದ ಖಂಡನೆ

ಹಳೆಯ ಕಾರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸುವ ಹವ್ಯಾಸ ಅಮೆರಿಕದಲ್ಲಿ ದಶಕಗಳಿಂದ ಬೇರೂರಿದ್ದು, ಅದರ ಸುತ್ತ ಬೆಳೆದಿರುವ ಅಭಿಪ್ರಾಯವೊಂದು ಪ್ರಶ್ನಿಸಬೇಕಾದದ್ದೇ ಇಲ್ಲವೆಂಬಂತೆ ಚಲಾವಣೆಯಲ್ಲಿದೆ. ಆ ಅಭಿಪ್ರಾಯದ ಪ್ರಕಾರ, ತಯಾರಕರು ಒಂದೇ ಪೆಟ್ಟಿಗೆಯಲ್ಲಿ ಕಳಿಸುವ ಬಿಡಿಭಾಗಗಳ ಕಿಟ್ಟಿನಲ್ಲಿ ಬೇಕಾದದ್ದೆಲ್ಲ ಇರುತ್ತದೆ. ಗಾಳಿಯ ಹೆಚ್ಚುವರಿ ಒತ್ತಡವನ್ನು ಐದಾರು ಪಿ.ಎಸ್.ಐ. ಒಳಗೆ, ಅಂದರೆ ಚದರಂಗುಲಕ್ಕೆ ಐದಾರು ಪೌಂಡ್ ಮೀರದಂತೆ ಇಟ್ಟುಕೊಂಡರೆ ಎಂಜಿನ್ನಿನ ಉಳಿದ ಯಾವ ಭಾಗವನ್ನೂ ಮುಟ್ಟಬೇಕಿಲ್ಲ. ಎರಡು ದಿನದ ರಜೆಯಲ್ಲಿ ಕೆಲಸ ಮುಗಿಯುತ್ತದೆ. ತೊಂದರೆ ಕಂಡರೆ ಆಮೇಲೆ ನೋಡಿಕೊಳ್ಳಬಹುದು. ಇವುಗಳಲ್ಲಿ ಎರಡನೆಯ ಮಾತೇ ಉಳಿದವಕ್ಕೆಲ್ಲ ಆಧಾರವಾಗಿರುವುದರಿಂದ, ಅದು ಬಿದ್ದರೆ ಉಳಿದವೂ ನಿಲ್ಲಲಾರವು. ಸೂಪರ್‌ಚಾರ್ಜರನ್ನು ಕೂರಿಸುವುದು ಇಡೀ ಕೆಲಸದ ಕೊನೆಯ ಹಂತ ಮತ್ತು ಅತಿ ಸುಲಭದ ಹಂತ. ನಿಜವಾದ ಕೆಲಸವಿರುವುದು ಅದಕ್ಕೆ ಮೊದಲಿನ ಅಳತೆ, ಲೆಕ್ಕ ಮತ್ತು ಬಿಡಿಭಾಗಗಳ ಸಿದ್ಧತೆಯಲ್ಲಿ. ಇದನ್ನು ಅಲ್ಲಗಳೆಯುವ ವಾದ ಎಷ್ಟು ಜನಪ್ರಿಯವಾಗಿದ್ದರೂ ತಪ್ಪು.

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಿಂದಲೇ ಬೆಲ್ಟಿನ ಮೂಲಕ ಶಕ್ತಿ ಪಡೆದು, ಎಂಜಿನ್ ತಾನಾಗಿ ಎಳೆದುಕೊಳ್ಳಬಲ್ಲುದಕ್ಕಿಂತ ಹೆಚ್ಚು ಗಾಳಿಯನ್ನು ಸಿಲಿಂಡರುಗಳಿಗೆ ತಳ್ಳುವ ಯಂತ್ರ. ಹೊಗೆಯ ವೇಗದಿಂದ ತಿರುಗುವ ಟರ್ಬೊಚಾರ್ಜರಿಗೂ ಇದಕ್ಕೂ ಇರುವ ಮುಖ್ಯ ಅಂತರ ಇದೇ. ಇದರ ಅತಿ ಸರಳ ರೂಪವಾದ ರೂಟ್ಸ್ ಬ್ಲೋವರಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ಲಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದಾಗ ಮೋಟಾರು ವಾಹನಗಳೇ ಇರಲಿಲ್ಲ. ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಊದುವುದು ಅದರ ಕೆಲಸವಾಗಿತ್ತು. ಅದೇ ವಂಶದ ಈಟನ್ ಎಂ45 ಎಂಬ ಬ್ಲೋವರಿನ ಹೆಸರಿನಲ್ಲಿರುವ 45, ಅದು ಒಂದು ಸುತ್ತಿಗೆ ಸಾಗಿಸುವ ಗಾಳಿಯನ್ನು ಘನ ಅಂಗುಲಗಳಲ್ಲಿ ಸೂಚಿಸುತ್ತದೆ. ಅಂದರೆ ಸುಮಾರು 0.74 ಲೀಟರ್. ನಾಲ್ಕು ಸ್ಟ್ರೋಕಿನ 1.6 ಲೀಟರ್ ಎಂಜಿನ್ ಒಂದು ಸುತ್ತಿಗೆ ಹೀರುವುದು ಹೆಚ್ಚೆಂದರೆ 0.8 ಲೀಟರ್. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಬ್ಲೋವರ್ 1.6 ಸುತ್ತು ತಿರುಗುವಂತೆ ಪುಲ್ಲಿಗಳನ್ನು ಆರಿಸಿದರೆ, 0.8 ಲೀಟರಿನ ಜಾಗಕ್ಕೆ ಸುಮಾರು 1.18 ಲೀಟರ್ ಗಾಳಿ ಬಂದು ನಿಲ್ಲುತ್ತದೆ. ಜಾಗ ಸಾಲದೆ ಉಳಿದ ಗಾಳಿಯೇ ಒತ್ತಡವಾಗಿ ಮೀಟರಿನಲ್ಲಿ ಕಾಣಿಸುತ್ತದೆ.

ಜನಪ್ರಿಯ ವಾದ ಎಡವುವುದು ಇಲ್ಲಿಯೇ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 14.7 ಪಿ.ಎಸ್.ಐ.; ಅದಕ್ಕೆ ಆರನ್ನು ಸೇರಿಸಿದರೆ ಒತ್ತಡ ಶೇ. 41ರಷ್ಟು ಏರುತ್ತದೆ. ಆದರೆ ಒತ್ತಲ್ಪಟ್ಟ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗುತ್ತದೆ. ಹೊರಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದು, ಬ್ಲೋವರಿನ ದಕ್ಷತೆ ಶೇ. 60ರ ಆಸುಪಾಸಿನಲ್ಲಿದ್ದರೆ, ಹೊರಬೀಳುವ ಗಾಳಿ 80 ಡಿಗ್ರಿಯ ಹತ್ತಿರಕ್ಕೆ ಏರಿರುತ್ತದೆ. ಆ ಉಷ್ಣತೆಯಲ್ಲಿ ಗಾಳಿಯ ಸಾಂದ್ರತೆ ನಿಜವಾಗಿ ಹೆಚ್ಚಿರುವುದು ಶೇ. 20ರಷ್ಟು ಮಾತ್ರ. ಸಿಲಿಂಡರಿನಲ್ಲಿ ಉಳಿಯುವ ಸುಟ್ಟ ಅನಿಲ ಕಡಿಮೆಯಾಗುವುದೇ ಮುಂತಾದ ಕಾರಣಗಳಿಂದ ಅಂತಿಮ ಲಾಭ ಇದಕ್ಕಿಂತ ಹೆಚ್ಚು ಕಾಣುವುದುಂಟಾದರೂ, ಮೀಟರಿನ ಮುಳ್ಳು ತೋರಿಸುವ ಸಂಖ್ಯೆ ಲಾಭದ ಅಳತೆಯೂ ಅಲ್ಲ, ಅಪಾಯದ ಅಳತೆಯೂ ಅಲ್ಲ ಎಂಬುದು ಸ್ಪಷ್ಟ. ಆರು ಪಿ.ಎಸ್.ಐ. ಎಂಬುದನ್ನು ಅಲ್ಪವೆಂದು ತಿಳಿಯುವವರು, ಅದರ ಜೊತೆಗೆ ಬರುವ ಐವತ್ತು ಡಿಗ್ರಿಯ ಶಾಖವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಈ ವಾದವನ್ನು ಪರೀಕ್ಷಿಸಲು ಇತಿಹಾಸವೇ ಒಂದು ಒಳ್ಳೆಯ ಜೋಡಿಯನ್ನು ಒದಗಿಸಿದೆ. 1989ರಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಂಡ ಮಾಜ್ಡಾ ಎಂಎಕ್ಸ್-5 ಮಿಯಾಟಾ ಎಂಬ ಎರಡು ಆಸನದ ತೆರೆದ ಕಾರಿನ ಎಂಜಿನ್ 1,597 ಸಿ.ಸಿ.ಯದು, ಅಮೆರಿಕದ ಮಾರುಕಟ್ಟೆಯಲ್ಲಿ ಅದರ ಶಕ್ತಿ 116 ಅಶ್ವಶಕ್ತಿ. ಅದಕ್ಕೆ ಬೇರೆಯವರು ತಯಾರಿಸಿ ಮಾರಿದ ಕಿಟ್ಟುಗಳಲ್ಲಿ ಎಂ45 ಬ್ಲೋವರಿನದು ಬಹಳ ಹೆಸರಾದದ್ದು. 2002ರಿಂದ 2006ರವರೆಗೆ ಮಾರಾಟವಾದ ಮಿನಿ ಕೂಪರ್ ಎಸ್ ಕಾರಿನ ಎಂಜಿನ್ 1,598 ಸಿ.ಸಿ.ಯದು; ಅದಕ್ಕೂ ಎಂ45 ಬ್ಲೋವರೇ, ಆದರೆ ಕಾರ್ಖಾನೆಯಲ್ಲಿಯೇ ಕೂರಿಸಿದ್ದು. ಹೆಚ್ಚುಕಡಿಮೆ ಒಂದೇ ಗಾತ್ರದ ಎಂಜಿನ್, ಒಂದೇ ಬ್ಲೋವರ್. ಹಾಗಿರುವಾಗ ಬ್ಲೋವರ್ ಕೂರಿಸುವುದೆಂದರೆ ಏನೆಂಬುದನ್ನು ಮಿನಿಯ ಎಂಜಿನಿಯರುಗಳು ಹೇಗೆ ಅರ್ಥಮಾಡಿಕೊಂಡಿದ್ದರು ಎಂದು ಕೇಳುವುದು ನ್ಯಾಯವೇ.

ಅವರು ಮೊದಲು ಕೈಹಾಕಿದ್ದು ಕಾಂಪ್ರೆಷನ್ ಅನುಪಾತಕ್ಕೆ, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗಕ್ಕೂ ಮೇಲೇರಿದಾಗಿನ ಜಾಗಕ್ಕೂ ಇರುವ ಪ್ರಮಾಣಕ್ಕೆ. ಬ್ಲೋವರಿಲ್ಲದ ಮಿನಿ ಕೂಪರಿನಲ್ಲಿ ಅದು 10.6ಕ್ಕೆ 1 ಇದ್ದರೆ, ಕೂಪರ್ ಎಸ್‌ನಲ್ಲಿ 8.3ಕ್ಕೆ 1. ಬ್ಲೋವರಿನಿಂದ ಹೊರಟ ಗಾಳಿಯನ್ನು ಎಂಜಿನ್ನಿಗೆ ಬಿಡುವ ಮೊದಲು ತಣಿಸುವ ಇಂಟರ್‌ಕೂಲರನ್ನು ಎಂಜಿನ್ನಿನ ನೆತ್ತಿಯ ಮೇಲೆ ಕೂರಿಸಿ, ಅದಕ್ಕೆ ಗಾಳಿ ಸಿಗಲೆಂದು ಬಾನೆಟ್ಟಿನಲ್ಲಿಯೇ ಬಾಯಿ ತೆರೆದರು. ಕೂಪರಿನ ಐದು ಗೇರಿನ ಪೆಟ್ಟಿಗೆಯನ್ನು ಬಿಟ್ಟು, ಹೆಚ್ಚಿನ ತಿರುಚುಬಲ ತಾಳುವ ಆರು ಗೇರಿನ ಗೆಟ್ರಾಗ್ ಪೆಟ್ಟಿಗೆ ಹಾಕಿದರು. ನೀರಿನ ಪಂಪನ್ನು ಬ್ಲೋವರಿನ ಹಿಂತುದಿಯಿಂದ ತಿರುಗುವಂತೆ ಮರುವಿನ್ಯಾಸಗೊಳಿಸಿದರು. ಇಷ್ಟೆಲ್ಲ ಆದಮೇಲೆ ಅವರು ಹೇಳಿಕೊಂಡ ಶಕ್ತಿ, ಆರಂಭದ ಮಾದರಿಗಳಲ್ಲಿ, 163 ಅಶ್ವಶಕ್ತಿ. ಇತ್ತ ಮಿಯಾಟಾದ ಕಿಟ್ಟು ಕೊಂಡವರು ಅದೇ ಮಟ್ಟದ ಶಕ್ತಿಯನ್ನು 9.4ಕ್ಕೆ 1 ಅನುಪಾತದ ಹಳೆಯ ಎಂಜಿನ್ನಿನಿಂದ, ಇಂಟರ್‌ಕೂಲರ್ ಇಲ್ಲದೆ, ಹಳೆಯ ಗೇರು ಪೆಟ್ಟಿಗೆ ಮತ್ತು ಹಳೆಯ ಕ್ಲಚ್ಚಿನಲ್ಲಿಯೇ ಬಯಸಿದರು. ಕಾರ್ಖಾನೆ ಬದಲಿಸಿದ ಪ್ರತಿಯೊಂದು ಭಾಗವೂ, ಕಿಟ್ಟು ಬದಲಿಸದೆ ಬಿಟ್ಟ ಒಂದೊಂದು ಹೊಣೆಯನ್ನು ತೋರಿಸುತ್ತದೆ. ಆ ಹೊಣೆಯನ್ನು ಕಿಟ್ಟು ಹೊರದಿದ್ದರೆ ಕಾರಿನ ಮಾಲೀಕನೇ ಹೊರಬೇಕು.

ಪೆಟ್ರೋಲಿನ ಲೆಕ್ಕವನ್ನೇ ನೋಡಬಹುದು. ಒತ್ತಡದಲ್ಲಿ ಓಡುವ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋ ಪೆಟ್ರೋಲ್ ಬೇಡುತ್ತದೆಂದು ಹಿಡಿದರೆ, 160 ಅಶ್ವಶಕ್ತಿಗೆ ಗಂಟೆಗೆ 43 ಕಿಲೋ ಬೇಕು. ಅದನ್ನು ನಾಲ್ಕು ಇಂಜೆಕ್ಟರುಗಳಿಗೆ ಹಂಚಿ, ಇಂಜೆಕ್ಟರ್ ತನ್ನ ಸಮಯದ ಶೇ. 80ಕ್ಕಿಂತ ಹೆಚ್ಚು ತೆರೆದಿರಬಾರದೆಂಬ ರೂಢಿಯ ಮಿತಿಯನ್ನು ಪಾಲಿಸಿದರೆ, ಒಂದೊಂದು ಇಂಜೆಕ್ಟರೂ ನಿಮಿಷಕ್ಕೆ ಸುಮಾರು 300 ಸಿ.ಸಿ. ಹರಿಸಬಲ್ಲದ್ದಾಗಿರಬೇಕು. 1.6 ಲೀಟರ್ ಮಿಯಾಟಾದ ಮೂಲ ಇಂಜೆಕ್ಟರಿನ ಸಾಮರ್ಥ್ಯ 200 ಸಿ.ಸಿ.ಗಿಂತ ಸ್ವಲ್ಪವೇ ಹೆಚ್ಚು. ಈ ಕೊರತೆಯನ್ನು ಹಳೆಯ ಕಿಟ್ಟುಗಳು ತುಂಬಿದ್ದು ಇಂಜೆಕ್ಟರ್ ಬದಲಿಸಿ ಅಲ್ಲ, ಬ್ಲೋವರಿನ ಒತ್ತಡ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಹಲವು ಪಟ್ಟು ಏರಿಸುವ ಒಂದು ರೆಗ್ಯುಲೇಟರ್ ಹಾಕಿ. ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಹರಿವು ಒಂದೂವರೆ ಪಟ್ಟಾಗಬೇಕಾದರೆ ಒತ್ತಡ ಎರಡೂಕಾಲು ಪಟ್ಟಾಗಬೇಕು. ಆದರೆ ಪೆಟ್ರೋಲ್ ಪಂಪಿನ ಸ್ವಭಾವ ಇದಕ್ಕೆ ವಿರುದ್ಧ: ಎದುರೊತ್ತಡ ಏರಿದಷ್ಟೂ ಅದು ಹರಿಸುವ ಪ್ರಮಾಣ ಕುಗ್ಗುತ್ತದೆ. ಹಾಗಾಗಿ ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಗಳಿಗೆಯೇ ಪಂಪು ಅತಿ ಕಡಿಮೆ ಕೊಡುವ ಗಳಿಗೆಯೂ ಆಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಓಡಿದ ಪಂಪಿನಿಂದ ಇಂಥ ಕೆಲಸ ನಿರೀಕ್ಷಿಸುವುದು ಯೋಜನೆಯಲ್ಲ, ಹಾರೈಕೆ.

ಇದಕ್ಕೆ ಸೇರಿಕೊಂಡು ಇನ್ನೊಂದು ಮಿತಿಯಿದೆ. ಮೊದಲ ಪೀಳಿಗೆಯ 1.6 ಲೀಟರ್ ಮಿಯಾಟಾ ಒಳಬರುವ ಗಾಳಿಯನ್ನು ಅಳೆಯುವುದು, ಗಾಳಿಯ ರಭಸಕ್ಕೆ ಹಿಂದಕ್ಕೆ ಸರಿಯುವ ಸ್ಪ್ರಿಂಗ್ ಕಟ್ಟಿದ ಒಂದು ಸಣ್ಣ ಕದದಿಂದ. ಕದ ಪೂರ್ತಿ ತೆರೆದುಕೊಂಡ ಮೇಲೆ ಗಾಳಿ ಇನ್ನೆಷ್ಟು ಹೆಚ್ಚಿದರೂ ಕಾರಿನ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ತಿಳಿಯದ ಗಾಳಿಗೆ ಅದು ಪೆಟ್ರೋಲನ್ನೂ ಕೊಡುವುದಿಲ್ಲ, ಸ್ಪಾರ್ಕಿನ ವೇಳೆಯನ್ನೂ ಹಿಂದೆ ಸರಿಸುವುದಿಲ್ಲ. ಸ್ಪಾರ್ಕಿನ ವೇಳೆ ಅಥವಾ ಟೈಮಿಂಗ್ ಎಂಬುದು, ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹೊತ್ತಬೇಕೆಂಬ ನಿಗದಿ. ಬಿಸಿಯಾದ, ದಟ್ಟವಾದ ಮಿಶ್ರಣಕ್ಕೆ ಕಿಡಿ ಬೇಗ ಹೊತ್ತಿದರೆ, ಜ್ವಾಲೆ ತಲುಪುವ ಮುನ್ನವೇ ಸಿಲಿಂಡರಿನ ಅಂಚಿನಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ ರಿಂಗುಗಳ ನಡುವಿನ ತೆಳುವಾದ ಏಣು ಮುರಿಯುವುದು ಸಾಮಾನ್ಯವಾಗಿ ಇದರಿಂದಲೇ. ಮಿಯಾಟಾದ ಮೂಲ ನಿಗದಿ 10 ಡಿಗ್ರಿ. ಟೈಮಿಂಗನ್ನು ನಿರ್ಧರಿಸುವ ಸೆನ್ಸರನ್ನು ಕೈಯಿಂದ ತಿರುಗಿಸಿ ಈ ನಿಗದಿಯನ್ನು ತಗ್ಗಿಸಿದರೆ ಸಾಕೆಂಬ ಸಲಹೆ ಈಗಲೂ ಕೇಳಿಬರುತ್ತದೆ. ಆದರೆ ಹಾಗೆ ತಗ್ಗಿಸಿದ್ದು ಬ್ಲೋವರ್ ಒತ್ತುವ ಗಳಿಗೆಗೆ ಮಾತ್ರ ಸೀಮಿತವಾಗದೆ, ಊರೊಳಗೆ ನಿಧಾನವಾಗಿ ಓಡುವಾಗಲೂ ಜಾರಿಯಲ್ಲಿದ್ದು, ಎಳೆತವನ್ನೂ ಮೈಲೇಜನ್ನೂ ಕೆಡಿಸುತ್ತದೆ. ಒತ್ತಡಕ್ಕೆ ತಕ್ಕಂತೆ ಪೆಟ್ರೋಲು, ಟೈಮಿಂಗುಗಳೆರಡನ್ನೂ ಆಳುವ, ಹೊಸದಾಗಿ ಬರೆಯಬಹುದಾದ ಕಂಪ್ಯೂಟರ್ ಇದಕ್ಕೆ ಸರಿಯಾದ ಉತ್ತರ. ಅದು ಐಷಾರಾಮವಲ್ಲ, ಬ್ಲೋವರಿಗಿಂತ ಮೊದಲು ಕೊಳ್ಳಬೇಕಾದ ವಸ್ತು.

ಆಕ್ಟೇನ್ ಸಂಖ್ಯೆಯ ವಿಷಯದಲ್ಲಿ ಕನ್ನಡದ ಓದುಗರು ವಿಶೇಷ ಎಚ್ಚರ ವಹಿಸಬೇಕಾಗಿದೆ. ನಾಕಿಂಗನ್ನು ತಡೆದುಕೊಳ್ಳುವ ಪೆಟ್ರೋಲಿನ ಗುಣವನ್ನು ಸೂಚಿಸುವ ಈ ಸಂಖ್ಯೆಯನ್ನು ಅಮೆರಿಕದ ಪಂಪುಗಳಲ್ಲಿ ಎರಡು ಪರೀಕ್ಷೆಗಳ ಸರಾಸರಿಯಾಗಿ ಬರೆಯುತ್ತಾರೆ. ಭಾರತದಲ್ಲಿ ಬಿ.ಎಸ್. 6 ಜಾರಿಯಾದಾಗ ಸಾಮಾನ್ಯ ಪೆಟ್ರೋಲಿಗೆ ನಿಗದಿಯಾದ 91, ಆ ಎರಡರಲ್ಲಿ ಹೆಚ್ಚಿನ ಸಂಖ್ಯೆ ಕೊಡುವ ಆರ್.ಒ.ಎನ್. ಪರೀಕ್ಷೆಯದು. ಆದ್ದರಿಂದ ಅಮೆರಿಕದ 91 ಭಾರತದ ಅಳತೆಯಲ್ಲಿ 95ರ ಮೇಲಿನದು. ಭಾರತದ ಆ 91 ಅಮೆರಿಕದ 87ರ ಆಸುಪಾಸಿನದು. ಅಲ್ಲಿನ ಕಿಟ್ಟಿನ ಸೂಚನೆಯಲ್ಲಿ 91 ಎಂದು ಓದಿ ಇಲ್ಲಿನ 91ನ್ನು ತುಂಬಿಸುವವರು, ಸೂಚನೆಯನ್ನು ಪಾಲಿಸುತ್ತಿರುವೆವೆಂಬ ನಂಬಿಕೆಯಲ್ಲಿಯೇ ಎಂಜಿನ್ನನ್ನು ನಾಕಿಂಗಿಗೆ ಒಡ್ಡುತ್ತಾರೆ.

ಎಂಜಿನ್ನಿನ ಹೊರಗಿನ ಭಾಗಗಳೂ ಇಷ್ಟೇ ಗಮನ ಬೇಡುತ್ತವೆ. ಮಿಯಾಟಾದ ಮೊದಲ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿ ಗಿಡ್ಡವಾಗಿದ್ದು, ಅಲ್ಲಿ ಪುಲ್ಲಿಯನ್ನು ಹಿಡಿದಿರುವ ಬೋಲ್ಟು ಸಡಿಲಗೊಂಡರೆ, ಪುಲ್ಲಿ ಜಾರದಂತೆ ಕೂರಿಸಿದ ಲೋಹದ ಕೀಲೂ ಅದು ಕೂರುವ ತೋಡೂ ಸವೆದು, ಪುಲ್ಲಿ ಓಲಾಡತೊಡಗುತ್ತದೆ. ಟೈಮಿಂಗ್ ಬೆಲ್ಟಿನ ಚಕ್ರವೂ ಅದೇ ತುದಿಯಲ್ಲಿರುವುದರಿಂದ ಎಂಜಿನ್ನಿನ ತಾಳವೇ ತಪ್ಪುತ್ತದೆ. 1991ರಲ್ಲಿ ಮಾಜ್ಡಾ ಈ ತುದಿಯನ್ನು ಉದ್ದ ಮಾಡಿತು. ಕಾರಿನಲ್ಲಿರುವುದು ಯಾವ ಬಗೆ ಎಂದು ತಿಳಿಯಲು ಎಂಜಿನ್ ಬಿಚ್ಚಬೇಕಿಲ್ಲ: ಮುಂದಿನಿಂದ ಟಾರ್ಚು ಬಿಟ್ಟು ಕ್ರ್ಯಾಂಕ್ ಪುಲ್ಲಿಯ ನಡುವೆ ಬೋಲ್ಟಿನ ಸುತ್ತ ಇರುವ ಕಂಡಿಗಳನ್ನು ಎಣಿಸಿದರೆ ಸಾಕು, ನಾಲ್ಕಿದ್ದರೆ ಗಿಡ್ಡ, ಎಂಟಿದ್ದರೆ ಉದ್ದ. ಬ್ಲೋವರಿನ ಬೆಲ್ಟು ತನ್ನ ಇಡೀ ಹೊರೆಯನ್ನು ಹೇರುವುದು ಇದೇ ತುದಿಯ ಮೇಲೆ. ಹಣ ಕಳಿಸುವ ಮೊದಲು ಮಾಡಬೇಕಾದ ಈ ಕ್ಷಣಮಾತ್ರದ ಪರೀಕ್ಷೆಯನ್ನು, ‘ಪೆಟ್ಟಿಗೆ ಬಿಚ್ಚಿ ಜೋಡಿಸು’ ಎಂಬ ವಾದ ಒಂದು ಹೆಜ್ಜೆಯಾಗಿಯೂ ಪರಿಗಣಿಸುವುದಿಲ್ಲ.

ತಂಪಿನ ವ್ಯವಸ್ಥೆಯದೂ ಇಂಥದೇ ಕತೆ. ಈ ಎಂಜಿನ್ನಿನ ಮೂಲ ವಿನ್ಯಾಸ, ಎಂಜಿನ್ ಅಡ್ಡಲಾಗಿ ಕೂರುವ ಮುಂಚಕ್ರ ಚಾಲನೆಯ ಕಾರಿನದು. ಮಿಯಾಟಾದಲ್ಲಿ ಅದನ್ನು ಉದ್ದಕ್ಕೆ ಕೂರಿಸಿದಾಗ ಬಿಸಿನೀರು ಹೊರಬರುವ ಬಾಯಿಯೂ ಥರ್ಮೋಸ್ಟಾಟೂ ಮುಂಭಾಗಕ್ಕೆ ಬಂದುದರಿಂದ, ನೀರಿನ ಬಹುಪಾಲು ಹಿಂದಿನ ಸಿಲಿಂಡರುಗಳನ್ನು ಸುತ್ತದೆ ಮುಂದಿನಿಂದಲೇ ಹೊರಟುಹೋಗುತ್ತದೆ. ಸಾಮಾನ್ಯ ಓಟದಲ್ಲಿ ಇದು ತೊಂದರೆಯೆನಿಸದು. ಒತ್ತಡ ಹೇರಿದಾಗ ಹಿಂದಿನ ನಾಲ್ಕನೆಯ ಸಿಲಿಂಡರೇ ಮೊದಲು ಬಿಸಿಯೇರುತ್ತದೆ. ಇದಕ್ಕೂ ಮೊದಲು ನೋಡಬೇಕಾದದ್ದು ರೇಡಿಯೇಟರಿನ ಮೇಲ್ಭಾಗದ ಪ್ಲಾಸ್ಟಿಕ್ ತೊಟ್ಟಿಯನ್ನು. ಹೊಸದರಲ್ಲಿ ಕಪ್ಪಾಗಿರುವ ಅದು ವರ್ಷಗಳ ಶಾಖಕ್ಕೆ ಕಂದಿ ಕಂದುಬಣ್ಣಕ್ಕೆ ತಿರುಗಿದ್ದರೆ, ಅದರ ಬಿರುಕು ಇಂದೋ ನಾಳೆಯೋ ಎಂಬಂತಿರುತ್ತದೆ.

ಈ ಖಂಡನೆಗೆ ಒಂದು ಗಂಭೀರ ಆಕ್ಷೇಪವಿದೆ. ಇಂಥ ಕಿಟ್ಟುಗಳನ್ನು ಯಾವ ಸಿದ್ಧತೆಯೂ ಇಲ್ಲದೆ ಹಾಕಿಕೊಂಡು ವರ್ಷಗಟ್ಟಲೆ ಓಡಿಸಿದವರು ಇದ್ದಾರೆ; ಅವರ ಎಂಜಿನ್ನುಗಳು ಕೆಡಲಿಲ್ಲ. ಇದು ನಿಜ, ಮತ್ತು ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ಎಂಜಿನ್ನುಗಳನ್ನು ಉಳಿಸಿದ್ದು ಮೂಲ ತಯಾರಕರು ಬಿಟ್ಟಿದ್ದ ಉದಾರವಾದ ಅಂತರ, ಅಂದರೆ ಭಾಗಗಳು ತಾಳಬಲ್ಲ ಹೊರೆಗೂ ನಿತ್ಯ ಬೀಳುವ ಹೊರೆಗೂ ನಡುವೆ ಉಳಿಸಿದ್ದ ಜಾಗ. ಎಂಜಿನ್ ಹೊಸದಾಗಿದ್ದು, ಹವೆ ತಂಪಾಗಿದ್ದು, ಪೂರ್ಣ ಒತ್ತಡ ಬೀಳುವುದು ಕೆಲವೇ ಸೆಕೆಂಡುಗಳಷ್ಟಾಗಿದ್ದರೆ ಆ ಅಂತರ ಸಾಕಾಗುತ್ತದೆ. ಮೂವತ್ತು ವರ್ಷ ಕಳೆದ ಕಾರಿನಲ್ಲಿ, ಬೇಸಗೆಯಲ್ಲಿ, ದೀರ್ಘವಾದ ಏರುದಾರಿಯಲ್ಲಿ ಅದು ಎಷ್ಟು ಉಳಿದಿದೆಯೆಂಬುದನ್ನು ಅಳೆಯದೆ ಯಾರೂ ಹೇಳಲಾರರು. ಇದಕ್ಕೆ ವಿರುದ್ಧ ತುದಿಯಲ್ಲಿರುವ, ಎಷ್ಟೇ ಕಡಿಮೆ ಒತ್ತಡಕ್ಕೂ ಎರಕದ ಪಿಸ್ಟನ್ನುಗಳನ್ನೆಲ್ಲ ಕಿತ್ತು ಬಡಿದು ಮಾಡಿದ ಪಿಸ್ಟನ್ ಹಾಕಲೇಬೇಕೆನ್ನುವ ಮಾತೂ ಅಷ್ಟೇ ಲೆಕ್ಕವಿಲ್ಲದ್ದು. ಗಟ್ಟಿಯಾದ ಭಾಗಗಳನ್ನು ರಾಶಿ ಹಾಕುವುದರಿಂದ ತಪ್ಪಾದ ಟೈಮಿಂಗ್ ಸರಿಹೋಗುವುದಿಲ್ಲ.

ಭಾಗಗಳನ್ನು ಗಟ್ಟಿಗೊಳಿಸಿದ ಮಾತ್ರಕ್ಕೆ ಸಾಲದೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಬ್ರಿಟನ್ನಿನಲ್ಲಿ ರೇಸ್ ಚಾಲಕ ಟಿಮ್ ಬಿರ್ಕಿನ್ 4½ ಲೀಟರಿನ ಬೆಂಟ್ಲಿಗೆ ಬ್ಲೋವರ್ ಹಾಕಿಸಹೊರಟಾಗ, ಕಂಪನಿಯ ಸ್ಥಾಪಕ ಡಬ್ಲ್ಯು.ಒ. ಬೆಂಟ್ಲಿ ಅದನ್ನು ವಿರೋಧಿಸಿದ್ದರು. ಆ್ಯಂಹರ್ಸ್ಟ್ ವಿಲಿಯರ್ಸ್ ವಿನ್ಯಾಸದ ಬ್ಲೋವರಿಗಾಗಿ ಎಂಜಿನ್ನಿನ ಒಳಭಾಗಗಳನ್ನೂ ಬಲಪಡಿಸಲಾಯಿತು. ರಸ್ತೆಯ ಮಾದರಿಯ ಶಕ್ತಿ 110ರಿಂದ 175 ಅಶ್ವಶಕ್ತಿಗೆ ಏರಿತು. ಆದರೂ 1930ರ ಲೆ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ಬ್ಲೋವರ್ ಬೆಂಟ್ಲಿಗಳು ಕೊನೆಮುಟ್ಟಲಿಲ್ಲ. ಗೆದ್ದದ್ದು ಬ್ಲೋವರಿಲ್ಲದ ಸ್ಪೀಡ್ ಸಿಕ್ಸ್ ಬೆಂಟ್ಲಿ. ಎಂಜಿನ್ನನ್ನು ಒಳಗಿನಿಂದಲೇ ಬಲಪಡಿಸಿ ಕೂರಿಸಿದ ಬ್ಲೋವರಿನ ಗತಿಯೇ ಇದಾದಲ್ಲಿ, ಏನನ್ನೂ ಮುಟ್ಟದೆ ಕೂರಿಸುವ ಬ್ಲೋವರಿನ ಪರವಾಗಿ ಆಡುವ ಧೈರ್ಯದ ಮಾತಿಗೆ ಆಧಾರವೆಲ್ಲಿದೆ?

ಹಾಗಾದರೆ ಸಿದ್ಧತೆಯ ಕ್ರಮ ಹೇಗಿರಬೇಕು? ಎಲ್ಲಕ್ಕೂ ಮೊದಲು ಇರುವ ಎಂಜಿನ್ನಿನ ಸ್ಥಿತಿಯನ್ನು ಅಳೆಯಬೇಕು. ಪ್ರತಿ ಸಿಲಿಂಡರಿನ ಕಾಂಪ್ರೆಷನ್ ಒತ್ತಡವನ್ನು ಬರೆದಿಟ್ಟು, ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ಅಂತರ ಕಂಡಲ್ಲಿ, ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿ ಅದು ರಿಂಗಿನಿಂದ ಸೋರುತ್ತಿದೆಯೋ ವಾಲ್ವಿನಿಂದ ಸೋರುತ್ತಿದೆಯೋ ಎಂದು ಕಿವಿಗೊಟ್ಟು ಪತ್ತೆಹಚ್ಚಬೇಕು. ಆನಂತರ, ಮತ್ತು ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು, ಬ್ಲೋವರನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ಉಳಿದ ಭಾಗಗಳನ್ನೆಲ್ಲ ಮೊದಲು ಹಾಕಿ ಕಾರನ್ನು ಕೆಲವು ವಾರ ಓಡಿಸಬೇಕು. ಹೊಸ ರೇಡಿಯೇಟರ್, ಪಂಪು, ಇಂಜೆಕ್ಟರ್, ಕಂಪ್ಯೂಟರ್, ಹೊಗೆಯ ಕೊಳವೆಯಲ್ಲಿ ಗಾಳಿ-ಪೆಟ್ರೋಲಿನ ಪ್ರಮಾಣವನ್ನು ನಿಖರವಾಗಿ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಇವೆಲ್ಲ ಬ್ಲೋವರಿಲ್ಲದೆಯೇ ಸರಿಯಾಗಿ ಕೆಲಸ ಮಾಡಬಲ್ಲವು. ನಿಧಾನದ ಓಟದಲ್ಲಿ ಆ ಪ್ರಮಾಣ 14.7ಕ್ಕೆ 1ರ ಹತ್ತಿರ ಸ್ಥಿರವಾಗಿ ನಿಂತಿತೆಂದರೆ, ಹೊಸ ಇಂಜೆಕ್ಟರಿಗೂ ಕಂಪ್ಯೂಟರಿಗೂ ಹೊಂದಾಣಿಕೆಯಾಗಿದೆಯೆಂದು ತಿಳಿಯುತ್ತದೆ. ಬ್ಲೋವರ್ ಕೂತ ಮೇಲೆ, ಪೂರ್ಣ ಒತ್ತಡದಲ್ಲಿ ಅದು 12ಕ್ಕಿಂತ ಕೆಳಗೆ ಇಳಿಯದಿದ್ದರೆ ದೋಷ ಎಲ್ಲಿದೆಯೆಂದು ಹುಡುಕುವ ಕ್ಷೇತ್ರ ಆಗಲೇ ಕಿರಿದಾಗಿರುತ್ತದೆ. ಎಲ್ಲವನ್ನೂ ಒಂದೇ ದಿನ ಹಾಕಿದವರಿಗೆ ಈ ಅನುಕೂಲವಿಲ್ಲ: ಎಂಜಿನ್ ತಡವರಿಸಿದರೆ ಕಾರಣ ಸಡಿಲವಾದ ವ್ಯಾಕ್ಯೂಮ್ ಪೈಪೋ, ಹಿಂದುಮುಂದಾದ ವೈರೋ, ಸಾಲದ ಪಂಪೋ ಎಂದು ತಿಳಿಯದೆ, ಒಂದರ ದೋಷಕ್ಕೆ ಇನ್ನೊಂದನ್ನು ಬದಲಿಸುತ್ತ ಹಣವನ್ನೂ ತಾಳ್ಮೆಯನ್ನೂ ಕಳೆದುಕೊಳ್ಳುತ್ತಾರೆ.

ಕಾನೂನನ್ನೂ ಯೋಜನೆಯ ಹೊರಗಿಡುವಂತಿಲ್ಲ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 27156ನೆಯ ವಿಧಿಯ ಪ್ರಕಾರ, ಹೊಗೆ ನಿಯಂತ್ರಣದ ವ್ಯವಸ್ಥೆಯನ್ನು ಬದಲಿಸುವ ಭಾಗಕ್ಕೆ ರಾಜ್ಯದ ವಾಯುಮಂಡಳಿಯ ವಿನಾಯಿತಿ ಆದೇಶ ಇರಲೇಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆ ತಪಾಸಣೆಯಲ್ಲಿ ಬಾನೆಟ್ ಎತ್ತಿ ಆ ಆದೇಶದ ಸಂಖ್ಯೆಯನ್ನು ಹುಡುಕುತ್ತಾರೆ. ಕಿಟ್ಟಿಗೆ ಆದೇಶವಿದ್ದರೂ, ಅದರ ಜೊತೆಗೆ ಹಾಕಿದ ಬೇರೆ ಕಂಪ್ಯೂಟರಿಗೆ ಅದು ಅನ್ವಯಿಸುವುದಿಲ್ಲ. ಭಾರತದಲ್ಲಿ ನಿಲುವು ಇನ್ನೂ ಕಠಿಣ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ವಿಧಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಬೆಂಗಳೂರಿನ ಗ್ಯಾರೇಜಿನಲ್ಲಿ ‘ಎಲ್ಲರೂ ಮಾಡಿಸಿಕೊಳ್ಳುತ್ತಾರೆ’ ಎಂಬ ಭರವಸೆಯ ಮೇಲೆ ಕಿಟ್ಟು ಹಾಕಿಸಿಕೊಂಡವನ ಕೈಗೆ ಉಳಿಯುವುದು ಆ ದಂಡದ ಚೀಟಿಯೇ.

ಕ್ರಮಬದ್ಧವಾದ ಸಿದ್ಧತೆಗೆ ಇರುವ, ಜನಪ್ರಿಯ ವಾದಕ್ಕೆ ಎಂದೂ ಸಾಧ್ಯವಾಗದ ಒಂದು ಫಲವೆಂದರೆ ‘ಬೇಡ’ ಎಂಬ ತೀರ್ಮಾನಕ್ಕೆ ಬರುವ ಶಕ್ತಿ. ಕಂಡಿ ಎಣಿಸಿದಾಗ ನಾಲ್ಕೇ ಸಿಕ್ಕು, ಪುಲ್ಲಿ ಆಗಲೇ ಓಲಾಡುತ್ತಿದ್ದು, ನಾಲ್ಕನೆಯ ಸಿಲಿಂಡರಿನ ಗಾಳಿ ರಿಂಗುಗಳ ಮೂಲಕ ಸೋರುತ್ತಿರುವುದು ಕಂಡುಬಂದ ಕಾರಿಗೆ, ಆರು ಪಿ.ಎಸ್.ಐ. ಅಲ್ಲ, ಮೂರೂ ಸಲ್ಲದು. ಅಂಥ ಕಾರಿನ ಮಾಲೀಕ ಮುಚ್ಚಿದ ಪೆಟ್ಟಿಗೆಯನ್ನು ಹಾಗೆಯೇ ಬೇರೆಯವರಿಗೆ ಮಾರಿ, ಬಂದ ಹಣವನ್ನು ಎಂಜಿನ್ನಿನ ದುರಸ್ತಿಗೆ ಹಾಕಿದರೆ, ಆತನ ಯೋಜನೆ ಸೋತಿತೆನ್ನಲು ಬರುವುದಿಲ್ಲ. ಯೋಜನೆ ಮಾಡಬೇಕಾದದ್ದನ್ನೇ ಮಾಡಿದೆ.